ಆರೋಗ್ಯ ದಾಸೋಹ: ಲೂಪಸ್ ವ್ಯಾಧಿಯ ಚಿಕಿತ್ಸೆಗೊಂದು ಗುರಿಯಿರಲಿ



ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಮನೆಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹೆಸರನ್ನರಿಯದವರು ಇಂದು ವಿರಳ. ಉಪವಾಸದ ಸಕ್ಕರೆ ಎಷ್ಟಿರಬೇಕು, ಉಂಡ ಮೇಲಿನದು ಎಷ್ಟಿರಬೇಕು, ಬಿ.ಪಿ. ಎಷ್ಟನ್ನು ಮೀರಬಾರದು ಎಂಬುದನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಬಲ್ಲಳು. ತಲುಪಬೇಕಾದ ಅಂಕಿ ತಿಳಿದಿರುವುದರಿಂದಲೇ ಆಕೆ ಚಹಾಕ್ಕೆ ಸಕ್ಕರೆ ಕಡಿಮೆ ಮಾಡುತ್ತಾಳೆ, ಗುಳಿಗೆ ತಪ್ಪಿಸುವುದಿಲ್ಲ. ಗುರಿ ಕಣ್ಣೆದುರಿಗಿದ್ದಾಗ ನಡಿಗೆಗೆ ತಾನಾಗಿಯೇ ಒಂದು ಕ್ರಮ ಬರುತ್ತದೆ.

ಆದರೆ ಕೆಲವು ವ್ಯಾಧಿಗಳ ವಿಷಯದಲ್ಲಿ ನಾವು ಇನ್ನೂ ಗುರಿಯಿಲ್ಲದ ಪಯಣಿಗರಾಗಿದ್ದೇವೆ. ಯಾವ ಗುಳಿಗೆ, ಎಷ್ಟು ದಿನ, ಎಷ್ಟು ಖರ್ಚು ಎಂದು ಕೇಳುತ್ತೇವೆ. ಈ ಚಿಕಿತ್ಸೆಯಿಂದ ನಾವು ತಲುಪಬೇಕಾದ ಸ್ಥಿತಿ ಯಾವುದು ಎಂದು ಕೇಳುವುದಿಲ್ಲ. ಅಂತಹ ವ್ಯಾಧಿಗಳಲ್ಲಿ ಲೂಪಸ್ ಒಂದು. ಅದು ಹೆಚ್ಚಾಗಿ ನಮ್ಮ ಮನೆಯ ಹೆಣ್ಣುಮಕ್ಕಳನ್ನು, ಅದೂ ತಾರುಣ್ಯದಲ್ಲಿಯೇ, ಹಿಡಿಯುವ ವ್ಯಾಧಿಯಾದ ಕಾರಣ ಈ ತಿಂಗಳು ಅದರ ಚಿಕಿತ್ಸೆಯ ಗುರಿಯನ್ನು ಕುರಿತು ವಿಚಾರ ಮಾಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ವ್ಯಾಧಿಯ ಸ್ವರೂಪ

ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡುವುದಕ್ಕಾಗಿ ನಮ್ಮ ಶರೀರದಲ್ಲಿ ರೋಗನಿರೋಧಕ ಶಕ್ತಿಯಿದೆ. ಮನೆಯ ಕಾವಲಿಗಿಟ್ಟ ನಾಯಿ ಮನೆಯವರನ್ನೇ ಕಚ್ಚತೊಡಗಿದರೆ ಹೇಗೋ ಹಾಗೆ, ಈ ಶಕ್ತಿಯು ದಾರಿ ತಪ್ಪಿ ಸ್ವಂತ ಶರೀರದ ಅಂಗಗಳ ಮೇಲೆಯೇ ತಿರುಗಿ ಬೀಳುವುದು ಲೂಪಸ್. ವೈದ್ಯರು ಇದನ್ನು ಎಸ್.ಎಲ್.ಇ. ಎಂದು ಬರೆಯುತ್ತಾರೆ. ಲೂಪಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ತೋಳಕ್ಕೆ ಇರುವ ಹೆಸರು; ಚರ್ಮದ ಮೇಲಿನ ಗಾಯ ತೋಳ ಕಚ್ಚಿದಂತೆ ಕಾಣುವುದೆಂದು ಹಿಂದಿನ ಕಾಲದ ಯುರೋಪಿನ ವೈದ್ಯರು ಈ ಹೆಸರನ್ನು ಬಳಕೆಗೆ ತಂದರು.

ಈ ವ್ಯಾಧಿಗೆ ತುತ್ತಾದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಸ್ತ್ರೀಯರು. ಬಹುಮಟ್ಟಿಗೆ ೧೫ರಿಂದ ೪೫ರ ವಯಸ್ಸಿನೊಳಗಿನವರು. ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ ಪಾತರಗಿತ್ತಿ ರೆಕ್ಕೆ ಬಿಚ್ಚಿದಂತೆ ಹರಡುವ ಕೆಂಪು, ಬಿಸಿಲಿಗೆ ಹೋದರೆ ಹೆಚ್ಚುವ ಗಂದೆ, ಬೆಳಗಿನ ಹೊತ್ತು ಬೆರಳುಗಳ ಗಂಟು ಬಿಗಿಯುವುದು, ಬಾಯಿಹುಣ್ಣು, ಕೂದಲುದುರುವುದು, ಬಿಟ್ಟು ಬಿಟ್ಟು ಬರುವ ಜ್ವರ, ನಿದ್ರೆಯಿಂದಲೂ ಹೋಗದ ಆಯಾಸ ಇವು ಇದರ ಸಾಮಾನ್ಯ ಲಕ್ಷಣಗಳು. ನಮ್ಮ ಕಪ್ಪು, ಎಣ್ಣೆಗೆಂಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೆ ಕೇವಲ ಕಪ್ಪು ಕಲೆಯಾಗಿ ತೋರಬಹುದು. ಎಲ್ಲಕ್ಕಿಂತ ಕಳವಳದ ಸಂಗತಿಯೆಂದರೆ ಇದು ಮೂತ್ರಪಿಂಡಗಳನ್ನು ಸದ್ದಿಲ್ಲದೆ ಹಿಡಿಯಬಲ್ಲದು. ಆರಂಭದಲ್ಲಿ ನೋವಿರುವುದಿಲ್ಲ; ಮೂತ್ರ ಪರೀಕ್ಷೆಯಿಂದ ಮಾತ್ರವೇ ತಿಳಿಯುತ್ತದೆ.

ಹಿರಣ್ಯಕೇಶಿ, ಘಟಪ್ರಭೆಗಳ ನೀರುಂಡ ನಮ್ಮ ಸೀಮೆಯಲ್ಲಿ ಕಬ್ಬಿನ ಗದ್ದೆಯ ಕಳೆ ತೆಗೆಯುವ, ಬಿಸಿಲಲ್ಲಿ ದುಡಿಯುವ ಹೆಣ್ಣುಮಗಳಿಗೆ ಕೆನ್ನೆ ಕಪ್ಪಾದರೆ ‘ಬಿಸಲಿಗೆ ಆಗೇದ’ ಎನ್ನುತ್ತೇವೆ. ಗಂಟು ನೋವಾದರೆ ‘ವಾಯು’ ಎನ್ನುತ್ತೇವೆ. ಏಳಲಾರೆನೆಂದರೆ ‘ಮೈಗಳ್ಳಿ’ ಎನ್ನುವವರೂ ಉಂಟು. ಹೀಗೆ ಒಂದೊಂದು ಲಕ್ಷಣಕ್ಕೆ ಒಂದೊಂದು ಹೆಸರಿಟ್ಟು ಕೂಡಿಸಿ ನೋಡದಿರುವುದರಿಂದ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದುಹೋಗುತ್ತವೆ.

ಲೂಪಸ್ ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಶಾಪವೂ ಅಲ್ಲ, ಕರ್ಮಫಲವೂ ಅಲ್ಲ. ಪಂಚಸೂತಕಗಳನ್ನೇ ನಿರಾಕರಿಸಿದ ಧರ್ಮದಲ್ಲಿ ಹುಟ್ಟಿದ ನಾವು ರೋಗಿಯ ತಾಟು, ಲೋಟ, ಹಾಸಿಗೆಗಳನ್ನು ಬೇರೆ ಮಾಡುವುದು ಶರಣರಿಗೆ ಮಾಡುವ ಅವಮಾನವೇ ಸರಿ.

ಗುರಿಯ ಕಲ್ಪನೆ ಬಂದ ಬಗೆ

೧೯೪೮ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಈ ರೋಗಿಗಳ ಅಸ್ಥಿಮಜ್ಜೆಯಲ್ಲಿ ವಿಶಿಷ್ಟವಾದ ಜೀವಕೋಶವೊಂದನ್ನು ಗುರುತಿಸಿದರು. ಲೂಪಸ್ಸನ್ನು ಪ್ರಯೋಗಶಾಲೆಯಲ್ಲಿ ಪತ್ತೆಹಚ್ಚಲು ಅಲ್ಲಿಂದ ದಾರಿಯಾಯಿತು. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕೊಡಲಾಯಿತು. ೧೯೫೫ರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಳಕೆಗೆ ಬಂದಿತು. ಆ ದಶಕದಲ್ಲಿ ಲೂಪಸ್ ರೋಗಿಗಳಲ್ಲಿ ಐದು ವರ್ಷ ಬದುಕಿ ಉಳಿಯುತ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಉತ್ತಮ ಚಿಕಿತ್ಸೆ ದೊರೆಯುವೆಡೆಗಳಲ್ಲಿ ಇಂದು ಆ ಪ್ರಮಾಣ ನೂರಕ್ಕೆ ತೊಂಬತ್ತನ್ನು ಮೀರಿದೆ.

ಬದುಕಿಸುವುದೇ ಸಾಹಸವಾಗಿದ್ದ ಕಾಲದಲ್ಲಿ ಬದುಕಿದರೆ ಸಾಕೆಂಬುದೇ ಗುರಿಯಾಗಿತ್ತು. ರೋಗಿಗಳು ದೀರ್ಘಕಾಲ ಬಾಳತೊಡಗಿದಾಗ ಪ್ರಶ್ನೆ ಬದಲಾಯಿತು: ಹೇಗೆ ಬಾಳುವುದು? ಸಕ್ಕರೆ ಕಾಯಿಲೆಗೆ ಇರುವಂತೆ ಇದಕ್ಕೂ ಒಂದು ನಿಶ್ಚಿತ ಗುರಿಯನ್ನಿಟ್ಟು, ಅದನ್ನು ಮುಟ್ಟುವವರೆಗೆ ಚಿಕಿತ್ಸೆಯನ್ನು ತಿದ್ದುತ್ತಾ ಹೋಗಬೇಕೆಂದು ೨೦೧೪ರಲ್ಲಿ ಹಲವು ದೇಶಗಳ ತಜ್ಞರ ಮಂಡಳಿಯೊಂದು ಶಿಫಾರಸು ಮಾಡಿತು. ವಿಷಯವನ್ನು ತಿಳಿದುಕೊಂಡ ರೋಗಿ ಮತ್ತು ವೈದ್ಯರು ಕೂಡಿಯೇ ಗುರಿಯನ್ನು ನಿಶ್ಚಯಿಸಬೇಕೆಂಬುದು ಆ ಶಿಫಾರಸಿನ ಮೂಲತತ್ತ್ವಗಳಲ್ಲಿ ಒಂದು.

ಗುರಿಗಳು ಯಾವುವು?

ಒಂದು ಹೋಲಿಕೆಯಿಂದ ವಿಷಯ ಸ್ಪಷ್ಟವಾದೀತು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಎರಡು ಸಂಗತಿಗಳಿರುತ್ತವೆ: ಉರಿಯುತ್ತಿರುವ ಬೆಂಕಿ ಒಂದು, ಈಗಾಗಲೇ ಸುಟ್ಟುಹೋದ ಬೆಳೆ ಇನ್ನೊಂದು. ಬೆಂಕಿಯನ್ನು ಆರಿಸಬಹುದು; ಸುಟ್ಟದ್ದನ್ನು ಮರಳಿ ತರಲಾಗದು. ಲೂಪಸ್ಸಿನಲ್ಲಿಯೂ ವ್ಯಾಧಿಯ ಚಟುವಟಿಕೆ ಎಂಬುದು ಬೆಂಕಿ. ಅಂಗಗಳಿಗೆ ಆಗುವ ಶಾಶ್ವತ ಹಾನಿ ಸುಟ್ಟ ಬೆಳೆ. ಆದಕಾರಣ ಚಿಕಿತ್ಸೆಯು ಬೇಗನೆ ಆರಂಭವಾಗಬೇಕು, ಕಿಡಿ ಉಳಿಯದಂತೆ ನೋಡಿಕೊಳ್ಳಬೇಕು.

ಮೊದಲನೆಯ ಗುರಿ ವ್ಯಾಧಿಯ ಪೂರ್ಣ ಶಮನ. ೨೦೨೧ರಲ್ಲಿ ಒಪ್ಪಿತವಾದ ವ್ಯಾಖ್ಯೆಯ ಪ್ರಕಾರ, ವೈದ್ಯರ ತಪಾಸಣೆಯಲ್ಲಿ ವ್ಯಾಧಿಯ ಲಕ್ಷಣಗಳು ಕಾಣದಿರಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ದಿನಕ್ಕೆ ೫ ಮಿಲಿಗ್ರಾಂ ಮೀರಬಾರದು. ಇತರ ಗುಳಿಗೆಗಳು ಸ್ಥಿರ ಪ್ರಮಾಣದಲ್ಲಿ ಮುಂದುವರಿಯುತ್ತಿರಬಹುದು. ಇಲ್ಲಿ ಶಮನವೆಂದರೆ ವ್ಯಾಧಿ ಬೇರುಸಹಿತ ಹೋಯಿತೆಂದಲ್ಲ, ಮಲಗಿತೆಂದು ಅರ್ಥ. ಅದನ್ನು ಮಲಗಿಸಿಟ್ಟಿರುವುದು ಗುಳಿಗೆಯೇ ಎಂಬುದನ್ನು ಮರೆಯಲಾಗದು.

ಪೂರ್ಣ ಶಮನ ಎಲ್ಲರಿಗೂ ಕೂಡಲೇ ಸಾಧ್ಯವಾಗುವುದಿಲ್ಲ. ಅದಕ್ಕಾಗಿ ಕೆಳಗಿನದೊಂದು ಮೆಟ್ಟಿಲನ್ನು ಏಷ್ಯಾ-ಪೆಸಿಫಿಕ್ ವಲಯದ ಲೂಪಸ್ ತಜ್ಞರು ೨೦೧೬ರಲ್ಲಿ ರೂಪಿಸಿದರು. ಇದನ್ನು ಅಲ್ಪ ಚಟುವಟಿಕೆಯ ಸ್ಥಿತಿ ಎನ್ನಬಹುದು. ಮೂತ್ರಪಿಂಡ, ಮೆದುಳು, ಹೃದಯ, ಶ್ವಾಸಕೋಶದಂತಹ ಮುಖ್ಯ ಅಂಗಗಳಲ್ಲಿ ವ್ಯಾಧಿ ಉರಿಯದಿರುವುದು, ಕಳೆದ ಭೇಟಿಯ ನಂತರ ಹೊಸ ಲಕ್ಷಣ ಹುಟ್ಟದಿರುವುದು, ಪ್ರೆಡ್ನಿಸೊಲೋನ್ ದಿನಕ್ಕೆ ೭.೫ ಮಿಲಿಗ್ರಾಂ ಒಳಗಿರುವುದು ಇದರ ಮುಖ್ಯ ಲಕ್ಷಣಗಳು. ತಪಾಸಣೆಯ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಈ ಸ್ಥಿತಿಯಲ್ಲಿದ್ದವರಿಗೆ ಅಂಗಹಾನಿ ಗಣನೀಯವಾಗಿ ಕಡಿಮೆಯಾಗಿದ್ದುದು ಅವರ ಅಧ್ಯಯನದಲ್ಲಿ ಕಂಡುಬಂದಿತು. ಪೂರ್ಣ ಶಮನ ದೊರೆಯಲಿಲ್ಲವೆಂದು ಎದೆಗುಂದುವವರಿಗೆ ಇದೊಂದು ದೊಡ್ಡ ಸಮಾಧಾನ.

ಎರಡನೆಯ ಗುರಿ ಮೂತ್ರಪಿಂಡಗಳ ರಕ್ಷಣೆ. ಇಲ್ಲಿ ಅಂಕಿಗಳೇ ಇವೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು ೨೦೨೩ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ, ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನು ಮೂರು ತಿಂಗಳಲ್ಲಿ ಕನಿಷ್ಠ ಕಾಲುಭಾಗ, ಆರು ತಿಂಗಳಲ್ಲಿ ಅರ್ಧಭಾಗ ಇಳಿಯಬೇಕು. ಒಂದು ವರ್ಷದ ಹೊತ್ತಿಗೆ ೦.೫ರಿಂದ ೦.೭ ಗ್ರಾಮಿಗಿಂತ ಕೆಳಗೆ ಬರಬೇಕು. ಉದಾಹರಣೆಗೆ, ಆರಂಭದಲ್ಲಿ ೩ ಗ್ರಾಂ ಇದ್ದರೆ ಮೂರು ತಿಂಗಳಿಗೆ ಸುಮಾರು ೨.೨೫, ಆರು ತಿಂಗಳಿಗೆ ೧.೫ ಗ್ರಾಂ ಆಗಬೇಕೆಂದಾಯಿತು. ಸೋರಿಕೆ ತೀವ್ರವಾಗಿದ್ದವರಿಗೆ ಇನ್ನಷ್ಟು ಕಾಲ ಬೇಕಾಗಬಹುದು. ಈ ಲೆಕ್ಕವನ್ನು ತಿಳಿದ ಕುಟುಂಬ ಅವಸರಪಟ್ಟು ವೈದ್ಯರನ್ನು ಬದಲಿಸುವುದೂ ಇಲ್ಲ, ಅಂಕಿ ಇಳಿಯದಿದ್ದಾಗ ಸುಮ್ಮನೆ ಕೂರುವುದೂ ಇಲ್ಲ.

ಮೂರನೆಯ ಗುರಿ ಔಷಧದಿಂದಾಗುವ ಹಾನಿಯನ್ನು ತಗ್ಗಿಸುವುದು. ಸ್ಟೆರಾಯ್ಡ್ ಬೆಂಕಿಯ ಮೇಲೆ ಸುರಿದ ನೀರಿನಂತೆ ಬೇಗನೆ ಫಲ ಕೊಡುತ್ತದೆ. ಆದರೆ ಹರಿಸುತ್ತಲೇ ಇದ್ದರೆ ಗದ್ದೆ ಜೌಗಾಗುವಂತೆ ಮೂಳೆ ಸವೆಯುತ್ತದೆ, ಸಕ್ಕರೆ, ರಕ್ತದೊತ್ತಡ ಏರುತ್ತವೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕುಗಳಿಗೆ ದಾರಿಯಾಗುತ್ತದೆ. ಆದ್ದರಿಂದ ೨೦೨೩ರ ಶಿಫಾರಸು ದೀರ್ಘಕಾಲದ ಪ್ರಮಾಣ ದಿನಕ್ಕೆ ೫ ಮಿಲಿಗ್ರಾಂ ಒಳಗಿರಲಿ, ಸಾಧ್ಯವಾದಾಗ ಪೂರ್ಣವಾಗಿ ನಿಲ್ಲಲಿ ಎನ್ನುತ್ತದೆ. ಇಳಿಸುವುದು ವೈದ್ಯರ ಕೆಲಸ. ರೋಗಿ ತಾನಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟಾಗಬಹುದು.

ಇದಕ್ಕೆ ತದ್ವಿರುದ್ಧವಾಗಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ನಿಷಿದ್ಧವಾಗದ ಎಲ್ಲ ಲೂಪಸ್ ರೋಗಿಗಳಿಗೂ ದೀರ್ಘಕಾಲ ಕೊಡಬೇಕೆಂಬುದು ತಜ್ಞರ ಮತ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ೫ ಮಿಲಿಗ್ರಾಂ ಅದರ ಸಾಮಾನ್ಯ ಅಳತೆ. ಅಂದರೆ ೫೦ ಕಿಲೋ ತೂಗುವವರಿಗೆ ೨೫೦ ಮಿಲಿಗ್ರಾಂ. ಆರಂಭದಲ್ಲೊಮ್ಮೆ, ಐದು ವರ್ಷಗಳ ನಂತರ ಪ್ರತಿ ವರ್ಷವೂ ಕಣ್ಣಿನ ಪರೀಕ್ಷೆ ಅಗತ್ಯ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಇನ್ನೂ ಮುಂಚೆಯೇ.

ಇನ್ನೊಂದು ಮಾತು. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ’ ಎಂಬ ಪುಡಿ, ಕಷಾಯ, ಟಾನಿಕ್ಕುಗಳ ಜಾಹೀರಾತು ಎಲ್ಲೆಡೆ ಕಾಣುತ್ತವೆ. ಲೂಪಸ್ಸಿನಲ್ಲಿ ಆ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿ ಕೆರಳಿದೆ. ಆದಕಾರಣ ವೈದ್ಯರನ್ನು ಕೇಳದೆ ಇಂಥವುಗಳನ್ನು ಸೇವಿಸತಕ್ಕದ್ದಲ್ಲ.

ರೋಗಿಯ ಸ್ವಂತ ಗುರಿ

ಇದುವರೆಗೆ ಹೇಳಿದವು ಪರೀಕ್ಷೆಗಳಿಂದ ಅಳೆಯಬಹುದಾದ ಗುರಿಗಳು. ಕಾಗದದಲ್ಲಿ ಕಾಣದ ಗುರಿಯೊಂದಿದೆ. ಒಂದು ಒಕ್ಕಲುತನದ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಸೊಸೆಗೆ ಲೂಪಸ್ ಇದೆ. ಚಿಕಿತ್ಸೆಯಿಂದ ಏನಾಗಬೇಕೆಂದು ವೈದ್ಯರು ಕೇಳಿದಾಗ ಅತ್ತೆ ಮುಂದಾಗಿ, “ಮೊದಲಿನ್ಹಂಗ ಹೊಲಕ್ಕ ಹೋಗೂವಂಗ ಆದರ ಸಾಕ್ರಿ” ಎನ್ನುತ್ತಾರೆ. ಗಂಡ, “ಬರೂ ವರ್ಷ ಮನ್ಯಾಗೊಂದು ಕೂಸು ಆಗಬೇಕ್ರಿ” ಎನ್ನುತ್ತಾನೆ. ವೈದ್ಯರು ಸೊಸೆಯತ್ತ ತಿರುಗಿ, “ನೀವೇನಂತೀರಿ ತಂಗಿ?” ಎಂದು ಕೇಳಿದರೆ ಆಕೆ ತಲೆ ತಗ್ಗಿಸಿ, “ಮುಂಜಾನೆ ಬೆರಳು ಮಡಚಿದರ ಸಾಕ್ರಿ. ಅಂಗೈಯಾಗ ಲಿಂಗ ಹಿಡದು ಪೂಜಿ ಮಾಡಾಕ ಆಗವಲ್ದು” ಎನ್ನುತ್ತಾಳೆ.

ಇಲ್ಲಿ ಮೂರು ಗುರಿಗಳಿವೆ, ಮೂರೂ ನ್ಯಾಯವಾದವೇ. ಆದರೆ ಶರೀರ ಯಾರದೋ ಅವರ ಮಾತು ಮೊದಲು ಸಲ್ಲಬೇಕು. ಬೆರಳುಗಳ ಬಿಗಿತ ಸಡಿಲಿಸಿ ರೊಟ್ಟಿ ಬಡಿಯುವಂತೆ, ಇಷ್ಟಲಿಂಗ ಪೂಜಿಸುವಂತೆ ಮಾಡುವುದು ಕೆಲವು ವಾರ, ತಿಂಗಳುಗಳಲ್ಲಿ ಸಾಧಿಸಬಹುದಾದ ಗುರಿ. ಹೊಲದ ವಿಷಯದಲ್ಲಿ, ಬಿಸಿಲು ಈ ವ್ಯಾಧಿಯನ್ನು ಕೆರಳಿಸುವುದರಿಂದ ಆಕೆಗೆ ಮನೆಯೊಳಗಿನ, ನೆರಳಿನ ಕಾಯಕವನ್ನು ವಹಿಸುವುದು ವಿವೇಕ. ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಕುಪ್ಪಸ, ತಲೆಯ ಮೇಲೆ ಸೆರಗು, ಮುಖಕ್ಕೆ ವೈದ್ಯರು ಹೇಳಿದ ಬಿಸಿಲು ತಡೆಯುವ ಮುಲಾಮು ಇರಲಿ.

ಕೂಸಿನ ವಿಷಯದಲ್ಲಿ ಸ್ಪಷ್ಟತೆ ಅತ್ಯಗತ್ಯ. ಲೂಪಸ್ ಇದ್ದವರು ತಾಯಿಯಾಗಲಾರರೆಂಬುದು ತಪ್ಪು ತಿಳಿವಳಿಕೆ. ಆದರೆ ವ್ಯಾಧಿಯು ಕನಿಷ್ಠ ಆರು ತಿಂಗಳು ಶಾಂತವಾಗಿದ್ದ ನಂತರ, ವೈದ್ಯರೊಡನೆ ಮೊದಲೇ ಸಮಾಲೋಚಿಸಿ ಗರ್ಭ ಧರಿಸುವುದು ಕ್ಷೇಮ. ಮೈಕೋಫಿನೋಲೇಟ್, ಸೈಕ್ಲೋಫಾಸ್ಫಮೈಡ್‌ನಂತಹ ಔಷಧಗಳು ಗರ್ಭಸ್ಥ ಶಿಶುವಿಗೆ ಹಾನಿಕರವಾದ್ದರಿಂದ ಅವುಗಳನ್ನು ಮುಂಚೆಯೇ ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಯಿಸಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನನ್ನು ಮಾತ್ರ ಗರ್ಭಿಣಿಯಾಗಿದ್ದಾಗಲೂ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅವಸರದಿಂದ ತಾಯಿ-ಕೂಸು ಇಬ್ಬರಿಗೂ ಅಪಾಯ. ಈ ಆರು ತಿಂಗಳ ತಾಳ್ಮೆಯೇ ಅತ್ತೆ ಸೊಸೆಗೆ ಕೊಡಬಹುದಾದ ಅತ್ಯಮೂಲ್ಯ ಉಡುಗೊರೆ.

ಕನ್ಯೆಗೆ ಈ ವ್ಯಾಧಿಯಿದ್ದಾಗ ಸಂಬಂಧ ಕೂಡಿಸುವವರಿಂದ ಅದನ್ನು ಮುಚ್ಚಿಡುವ ಪ್ರವೃತ್ತಿಯನ್ನೂ ನಾವು ಬಿಡಬೇಕು. ಮುಚ್ಚಿಟ್ಟ ಮನೆಯಲ್ಲಿ ಹುಡುಗಿ ಗುಳಿಗೆಯನ್ನೂ ಮುಚ್ಚಿಡುತ್ತಾಳೆ. ಮದುವೆಯ ಮರುತಿಂಗಳೇ ನಿಲ್ಲಿಸಿಬಿಡುತ್ತಾಳೆ. ವ್ಯಾಧಿ ಮರುಕಳಿಸುವುದು ಅಂತಹ ಸಮಯದಲ್ಲಿಯೇ.

ಶರಣರ ಕಾಲದಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡಿದ್ದರು. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನೂ ರಚಿಸಿದರು. ರೋಗ, ಔಷಧ, ಪಥ್ಯಗಳ ಭಾಷೆಯಲ್ಲಿ ಅವರು ಅಂತರಂಗದ ಮಾತನ್ನಾಡಿದರು. ಕಾಯವನ್ನೂ ಜೀವವನ್ನೂ ಬೇರ್ಪಡಿಸಿ ನೋಡದ ಆ ದೃಷ್ಟಿ ನಮಗಿಂದು ಬೇಕಾಗಿದೆ. ಪರೀಕ್ಷೆಯ ಅಂಕಿಗಳೆಲ್ಲ ಸರಿಯಾಗಿಯೂ ಆಯಾಸ, ನೋವು, ಖಿನ್ನತೆಗಳಿಂದ ರೋಗಿ ಬಳಲುತ್ತಿರಬಹುದು. ೨೦೧೪ರ ಶಿಫಾರಸು ಕೂಡ ಇವುಗಳನ್ನು ಕಡೆಗಣಿಸಬಾರದೆಂದಿದೆ. ಹಾಗೆಯೇ, ರೋಗಿ ಲಕ್ಷಣಗಳಿಲ್ಲದೆ ಆರಾಮವಾಗಿರುವಾಗ ರಕ್ತದ ರೋಗನಿರೋಧಕ ಪರೀಕ್ಷೆಗಳ ಅಂಕಿ ಬದಲಾಗದೆ ಹೆಚ್ಚಾಗಿಯೇ ಉಳಿದಿದೆ ಎಂಬ ಮಾತ್ರಕ್ಕೆ ಔಷಧ ಹೆಚ್ಚಿಸತಕ್ಕದ್ದಲ್ಲ ಎಂದೂ ಹೇಳಿದೆ.

ಮನೆಯವರು ಮಾಡಬೇಕಾದುದು

ನಿಡಸೋಸಿ, ಸಂಕೇಶ್ವರದ ಸುತ್ತಿನ ಜನ ದೊಡ್ಡ ಚಿಕಿತ್ಸೆಗಾಗಿ ಬೆಳಗಾವಿಗೋ ಮಿರಜ, ಕೊಲ್ಲಾಪುರಗಳಿಗೋ ಹೋಗುತ್ತಾರೆ. ಊರು ಬದಲಾದಂತೆ ಕಾಗದಗಳು ಚದುರುತ್ತವೆ. ಪ್ರತಿಯೊಬ್ಬ ವೈದ್ಯರೂ ಹೊಸದಾಗಿ ಆರಂಭಿಸಬೇಕಾಗುತ್ತದೆ. ಆದಕಾರಣ ಎರಡು ನೂರು ಪುಟದ ಒಂದು ವಹಿಯನ್ನು ಈ ಕಾರ್ಯಕ್ಕೆಂದೇ ಮೀಸಲಿಡಿರಿ. ಮೊದಲ ಪುಟದಲ್ಲಿ ಗುರಿಗಳನ್ನು ಬರೆಯಿರಿ: ಮುಂದಿನ ಮೂರು ತಿಂಗಳಿಗೆ ಯಾವುದು, ಒಂದು ವರ್ಷಕ್ಕೆ ಯಾವುದು, ರೋಗಿಯ ಸ್ವಂತ ಇಚ್ಛೆ ಯಾವುದು. ನಂತರದ ಪುಟಗಳಲ್ಲಿ ದಿನಾಂಕ, ತೂಕ, ಬಿ.ಪಿ., ಮೂತ್ರದ ಪ್ರೋಟೀನು, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸ್ಟೆರಾಯ್ಡಿನ ಪ್ರಮಾಣಗಳನ್ನು ಸಾಲಾಗಿ ಬರೆಯಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಸೇವೆಯನ್ನು ವಹಿಸಿರಿ.

ಪ್ರತಿ ಭೇಟಿಯಲ್ಲಿ ವೈದ್ಯರನ್ನು ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ನಮ್ಮ ಈಗಿನ ಗುರಿ ಯಾವುದು? ಅದಕ್ಕೆ ಎಷ್ಟು ಹತ್ತಿರ ಬಂದಿದ್ದೇವೆ? ಸ್ಟೆರಾಯ್ಡ್ ಇಳಿಸುವುದು ಸಾಧ್ಯವೇ? ಮುಂದಿನ ಪರೀಕ್ಷೆ ಯಾವಾಗ? ವ್ಯಾಧಿ ಉರಿಯುತ್ತಿರುವಾಗ ತಿಂಗಳಿಗೋ ಎರಡು-ಮೂರು ತಿಂಗಳಿಗೋ ಒಮ್ಮೆ, ಶಾಂತವಾಗಿರುವಾಗ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ವಾಡಿಕೆ. ಮೂತ್ರ ಪರೀಕ್ಷೆ, ಬಿ.ಪಿ. ಮುಂತಾದ ಸಾಧಾರಣ ತಪಾಸಣೆಗಳನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಮಾಡಿಸಿಕೊಂಡು, ವಹಿಯೊಡನೆ ತಜ್ಞರ ಬಳಿಗೆ ಹೋದರೆ ಖರ್ಚೂ ಉಳಿಯುತ್ತದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ತಮಗೆ ದೊರೆಯುವುದೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವೆಂದು ಗುಳಿಗೆ ತಪ್ಪಿಸಬೇಡಿರಿ. ಉಪವಾಸ ಸಲ್ಲುವುದೋ ಇಲ್ಲವೋ ವೈದ್ಯರನ್ನು ಕೇಳಿ ನಡೆಯಿರಿ. ತಂಬಾಕಿನ ಹೊಗೆ ಈ ವ್ಯಾಧಿಗೆ ಕೇಡು. ಮನೆಯ ಗಂಡಸರು ಬೀಡಿಯನ್ನು ಬಿಟ್ಟರೆ ಅದೂ ಚಿಕಿತ್ಸೆಯ ಭಾಗವೇ.

ಔಷಧದ ಸಂಗ್ರಹದ ಬಗ್ಗೆಯೂ ಎಚ್ಚರವಿರಲಿ. ೨೦೨೦ರ ಮಾರ್ಚಿನಲ್ಲಿ ಕೊರೋನಾ ಹಾವಳಿಯ ಆರಂಭದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಆ ರೋಗಕ್ಕೂ ಮದ್ದಾದೀತೆಂಬ ಸುದ್ದಿ ಹಬ್ಬಿ, ಜನ ಅಂಗಡಿಗಳಿಗೆ ಮುಗಿಬಿದ್ದರು. ಕೇಂದ್ರ ಸರ್ಕಾರವು ಅದರ ರಫ್ತನ್ನು ನಿರ್ಬಂಧಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟುನಿಟ್ಟು ಮಾಡಬೇಕಾಯಿತು. ಕೊರೋನಾಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ಮುಂದೆ ದೊಡ್ಡ ಅಧ್ಯಯನಗಳು ತೋರಿಸಿದವು. ಆ ನಡುವೆ ಪ್ರತಿದಿನ ಅದನ್ನೇ ನಂಬಿ ಬದುಕುತ್ತಿದ್ದ ಲೂಪಸ್ ರೋಗಿಗಳು ಗುಳಿಗೆಗಾಗಿ ಅಲೆಯುವಂತಾಯಿತು. ಒಂದು ತಿಂಗಳಿಗಾಗುವಷ್ಟು ಗುಳಿಗೆ ಮನೆಯಲ್ಲಿ ಹೆಚ್ಚಿಗಿರಲಿ ಎಂಬುದು ಆ ದಿನಗಳು ಕಲಿಸಿದ ಪಾಠ.

ಕೊನೆಯದಾಗಿ, ಆರಾಮವಾಯಿತೆಂದು ಚಿಕಿತ್ಸೆ ಬಿಡುವುದು ಗುರಿ ಮುಟ್ಟಿದ ಮೇಲೆ ಆಗುವ ಅತಿ ದೊಡ್ಡ ಅನಾಹುತ. ಆರಾಮವಾಗಿರುವುದೇ ಚಿಕಿತ್ಸೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಜಂಗಮಕ್ಕೂ ಹಸಿದವರಿಗೂ ನೀಡುವ ದಾಸೋಹ ನಮ್ಮ ಸಮಾಜದ ಹೆಮ್ಮೆ. ನಿಡಸೋಸಿಯ ದುರದುಂಡೀಶ್ವರ ಮಠದ ಭಕ್ತರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮೂಲೆಯಲ್ಲಿ ನೋವನ್ನು ನುಂಗಿಕೊಂಡು ಕುಳಿತ ಹೆಣ್ಣುಮಗಳ ಹತ್ತಿರ ಕುಳಿತು ‘ಏನಾಗಬೇಕು ನಿನಗೆ?’ ಎಂದು ಕೇಳುವುದು, ಆಕೆ ಹೇಳಿದ್ದನ್ನು ವಹಿಯ ಮೊದಲ ಪುಟದಲ್ಲಿ ಬರೆಯುವುದು, ಅದು ಕೈಗೂಡುವವರೆಗೆ ಜೊತೆಗೆ ನಡೆಯುವುದು ಇವೂ ದಾಸೋಹವೇ.